ಕಿವಿಯ ಸವಕಳಿ

2015ರ ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮುಗಿಸಿ, ಹೊಸ ಲೆಕ್ಕದ ಚೋಪಡಿಗೆ ಕುಂಕುಮ ಹಚ್ಚಿದ ಮಾಲಕರು, "ಬರೋ ತಿಂಗಳಿಂದ ನಿನ್ನ ಪಗಾರಕ್ಕ ಎರಡು ಸಾವಿರ ಜಾಸ್ತಿ" ಅಂದರು. ನಾನು ಬೇಡ ಅಂದೆ. ಇಚಲಕರಂಜಿಯ ಸೂತಿನ ಪೇಟೆಯಲ್ಲಿ ಪಗಾರ ಏರಿಸಬೇಡಿ ಅಂದ ದಿವಾಣಜಿ, ಅಂದರೆ ಲೆಕ್ಕದ ಗುಮಾಸ್ತ, ನನಗಿಂತ ಮೊದಲು ಯಾರೂ ಇದ್ದಿರಲಿಕ್ಕಿಲ್ಲ.

"ತಲಿ ಗಿಲಿ ಕೆಟ್ಟತೇನೋ ನಿಂದು?" ಅಂದರು ಮಾಲಕರು. ಇಲ್ಲ ಅಂತ ಲೆಕ್ಕ ಬಿಡಿಸಿ ಹೇಳಿದೆ. ನನ್ನ ಪಗಾರ ಆಗ 14,000. ಎರಡೂವರೆ ವರ್ಷದ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಬೇಕಿತ್ತು. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ 2014ರಿಂದ ಒಂದು ಕಿವಿಗೆ 6 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತಿತ್ತು. ಆದರೆ ಪೂರ್ತಿ ನೆರವು ಬೇಕಾದರೆ ಮನೆಯ ಆದಾಯ ತಿಂಗಳಿಗೆ 15,000 ದಾಟಬಾರದಿತ್ತು. ಹಾತಕಣಂಗಲೆ ತಹಶೀಲ್ದಾರರ ಆದಾಯ ದಾಖಲೆಗೆ ನಾನಿನ್ನೂ ಅರ್ಜಿ ಹಾಕಿರಲಿಲ್ಲ. ಎರಡು ಸಾವಿರ ಬಂದರೆ ಆ ಪೂರ್ತಿ ನೆರವು ಕೈತಪ್ಪುವ ಹಾಗಿತ್ತು. ಮಾಲಕರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ಆಪರೇಷನ್ ಆದ ಮ್ಯಾಲೆ ಕೇಳು" ಅಂದರು. ಕೇಳಿದೆ, ಕೊಟ್ಟರು. ನಡುವಿನ ಎಂಟು ತಿಂಗಳಲ್ಲಿ ನಾನು ಬಿಟ್ಟುಕೊಟ್ಟದ್ದು 16,000. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಲಾಭದ ವ್ಯವಹಾರ ಅದೇ.

ಮಗಳ ಕಿವಿಯ ವಿಷಯ ನಮಗೆ ತಿಳಿದದ್ದೇ ತಡವಾಗಿ. ನಮ್ಮ ಗಲ್ಲಿಯಲ್ಲಿ ಎಡಕ್ಕೂ ಬಲಕ್ಕೂ ಯಂತ್ರಮಾಗಗಳು, ಅಂದರೆ ಯಂತ್ರದ ಮಗ್ಗಗಳು. ಧೋಟಾ (ಲಾಳಿ) ಹೊಡೆಯುವ ಸದ್ದಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು, ಎಷ್ಟೋ ಸಲ ತುಟಿ ನೋಡಿಯೇ ತಿಳಿದುಕೊಳ್ಳುವುದು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ನೇಕಾರ ಹೆಂಗಸರು ಹೀಗೆ ತುಟಿಯಲ್ಲೇ ಆಡುತ್ತಿದ್ದ ಮಾತಿಗೆ 'ಮೀ-ಮಾ' ಎಂಬ ಹೆಸರೇ ಇತ್ತು. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ, ರೂಢಿ ಮಾತ್ರ ಇದೆ. ಕರೆದರೆ ತಿರುಗದ ಕೂಸನ್ನು ನೋಡಿ, "ಮಾಗದ ಸದ್ದಿಗೆ ಹೊಂದಿಕೊಂಡಾಳ" ಅಂದರು ನೆರೆಯವರು. ನಾವೂ ನಂಬಿದೆವು. ಗಡಹಿಂಗ್ಲಜ ತಾಲೂಕಿನ ನಮ್ಮ ಹಳ್ಳಿಗೆ ಹೋದಾಗ, ಸದ್ದಿಲ್ಲದ ಆ ಪಡಸಾಲೆಯಲ್ಲಿ, ನನ್ನ ಅವ್ವನ ಕೈಜಾರಿ ತಾಮ್ರದ ಕೊಡ ಬಿತ್ತು. ಕೂಸು ಕಣ್ಣು ಮಿಟುಕಿಸಲಿಲ್ಲ. ಆಗ ಅದಕ್ಕೆ ಒಂದೂವರೆ ವರ್ಷ. ಕಿವಿಯ ಬೆರಾ ಪರೀಕ್ಷೆ, ಸ್ಕ್ಯಾನು, ಆರು ತಿಂಗಳು ಶ್ರವಣಯಂತ್ರ ಹಾಕಿ ನೋಡುವುದು, ಆಪರೇಷನ್ನಿಗೆ ಮೊದಲು ಮೆದುಳುಜ್ವರದ ಲಸಿಕೆ, ಇವೆಲ್ಲ ಮುಗಿಯುವಷ್ಟರಲ್ಲಿ ಮನೆಯ ಭಿಸಿಯ (ಚೀಟಿಯ) ದುಡ್ಡು ಮುಗಿದಿತ್ತು.

ಆಪರೇಷನ್ ಆಯಿತು. ಪೇಟೆಯಲ್ಲಿ ಸಿಕ್ಕವರೆಲ್ಲ, "ಪುಕ್ಕಟೆ ಆತಂತಲ್ರೀ, ಇನ್ನೇನ್ ಚಿಂತಿ?" ಅನ್ನುವವರೇ. ನನಗೂ ಹಾಗೇ ಅನ್ನಿಸಿತ್ತು. ಹದಿನೆಂಟು ವರ್ಷ ಮಾಗಗಳ ಜಮಾಖರ್ಚು ಬರೆದವನಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂಬುದೇ ಈಗಲೂ ನಾಚಿಕೆ. ನಮ್ಮ ಪುಸ್ತಕದಲ್ಲಿ ಪ್ರತಿ ಮಾಗಕ್ಕೂ ವರ್ಷಾ ವರ್ಷಾ ಸವಕಳಿ ಬರೆಯುತ್ತೇವೆ, ಮರಾಠಿಯಲ್ಲಿ 'ಘಸಾರಾ'. ಯಂತ್ರ ಇವತ್ತು ನಡೆಯುತ್ತಿದೆ ಅಂದರೆ ನಾಳೆಯ ಯಂತ್ರದ ದುಡ್ಡನ್ನು ಇವತ್ತೇ ತೆಗೆದಿಡಬೇಕು. ಮಗಳ ಕಿವಿಯಲ್ಲೂ ಒಂದು ಯಂತ್ರವಿತ್ತು. ಅದಕ್ಕೆ ಮಾತ್ರ ಸವಕಳಿಯ ಒಂದು ಸಾಲೂ ಬರೆಯಲಿಲ್ಲ.

ಇಂಪ್ಲಾಂಟ್ ಅಂದರೆ ಎರಡು ಸಾಮಾನು. ತಲೆಬುರುಡೆಯ ಚರ್ಮದ ಕೆಳಗೆ ಕೂರಿಸಿ, ಒಳಕಿವಿಯ ಶಂಖದೊಳಗೆ ಸಣ್ಣ ತಂತಿ ತೂರಿಸುವುದು ಒಂದು. ಅದು ದೀರ್ಘಕಾಲದ್ದು. ಕಿವಿಯ ಹಿಂದೆ ತೊಡುವ ಪ್ರೊಸೆಸರು, ಅದರ ಕೇಬಲ್ಲು, ಅಯಸ್ಕಾಂತದಿಂದ ತಲೆಗೆ ಅಂಟುವ ಕಾಯಿಲ್ಲು ಇನ್ನೊಂದು. ಇದು ಮೊಬೈಲಿನ ಜಾತಿಯದು. ಬೆವರು, ಧೂಳು, ಮಳೆ ಎಲ್ಲವೂ ಅದಕ್ಕೆ ವೈರಿ. ನಮ್ಮ ಮನೆಯಲ್ಲಿ ಮೊದಲು ಹೋದದ್ದು ಕೇಬಲ್ಲು, ಎರಡನೆಯ ಸಲ ಹೋದದ್ದೂ ಕೇಬಲ್ಲೇ. ಒಂದಕ್ಕೆ ಐದು ಸಾವಿರದ ಆಸುಪಾಸು. ಕಾಯಿಲ್ ಒಮ್ಮೆ ಕಳೆದೇ ಹೋಯಿತು ಅಂತ ಇಡೀ ಗಲ್ಲಿ ಬ್ಯಾಟರಿ ಹಿಡಿದು ಗಟಾರದಲ್ಲೆಲ್ಲ ಹುಡುಕಿತು. ರಾತ್ರಿ ಹತ್ತಕ್ಕೆ ಕಬ್ಬಿಣದ ಮಂಚದ ತಳಕ್ಕೆ ಹಲ್ಲಿಯ ಹಾಗೆ ಅಂಟಿಕೊಂಡದ್ದು ಸಿಕ್ಕಿತು.

ಬ್ಯಾಟರಿಯ ಪಾಠ ಕಲಿಸಿದ್ದು ಪಂಚಗಂಗೆ ನದಿ. 2019ರ ಆಗಸ್ಟ್. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ 39 ಅಡಿಗೆ ಎಚ್ಚರಿಕೆ, 43ಕ್ಕೆ ಅಪಾಯ. ಆ ವರ್ಷ ನೀರು 55 ಅಡಿ ದಾಟಿತು. ಶಿರೋಲಿಯ ಹತ್ತಿರ ಹೆದ್ದಾರಿಯೇ ಮುಳುಗಿ ಪುಣೆ–ಬೆಂಗಳೂರು ಲಾರಿಗಳು ಸಾಲಾಗಿ ನಿಂತವು. ಮಗಳ ಬ್ಯಾಟರಿಯನ್ನು ನಾವು ಕೊಲ್ಹಾಪುರದಿಂದಲೇ ತರುತ್ತಿದ್ದೆವು, ಮಾತಿನ ಥೆರಪಿಗೆ ಹೋದಾಗ, ಬೇಕಾದಷ್ಟೇ. ಮನೆಯಲ್ಲಿ ಉಳಿದದ್ದು ಆರು ಬಿಲ್ಲೆಗಳ ಒಂದು ಪಟ್ಟಿ. ಒಂದು ಸಲಕ್ಕೆ ಎರಡು ಬೇಕು, ಎರಡು ದಿನ ಬರುತ್ತವೆ. ದಿವಾಣಜಿಯ ಬುದ್ಧಿ ಓಡಿತು: ಹಗಲೆಲ್ಲ ಯಂತ್ರ ಬಂದ್, ಸಂಜೆ ಎರಡು ತಾಸು ಮಾತ್ರ ಚಾಲೂ. ಹೀಗೆ ಮಾಡಿದರೆ ಆರು ಬಿಲ್ಲೆ ಒಂದು ತಿಂಗಳು ಎಳೆಯುತ್ತವೆ ಅಂತ ನನ್ನ ಲೆಕ್ಕ.

ಆ ಎರಡು ತಾಸನ್ನು ಯಾತಕ್ಕೆ ಖರ್ಚು ಮಾಡುವುದು ಎಂಬುದಕ್ಕೆ ಮನೆಯಲ್ಲಿ ಜಗಳವಾಯಿತು. ನನ್ನ ಹೆಂಡತಿಗೆ ಪಾಠ ಆಗಬೇಕು, ಮರಾಠಿಯ ಪಾಠ. ಇದಕ್ಕೊಂದು ಹಿನ್ನೆಲೆಯಿದೆ. ಮಗಳಿಗೆ ಮೊದಲು ಒಂದೇ ಭಾಷೆ ಗಟ್ಟಿಯಾಗಲಿ ಅಂದಿದ್ದರು ಥೆರಪಿಯವರು. ಮನೆಮಾತು ಕನ್ನಡ. ಕನ್ನಡದಲ್ಲಿ ಕಲಿಸಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇತ್ತು, 1965ರಿಂದ ಈ ಕೆಲಸ ಮಾಡುತ್ತಿರುವ ದೊಡ್ಡ ಸಂಸ್ಥೆ. ಒಮ್ಮೆ ಮಿರಜದಿಂದ ರಾಣಿ ಚೆನ್ನಮ್ಮ ರೈಲು ಹಿಡಿದು ಹೋಗಿಯೂ ಬಂದೆವು. ಆದರೆ ಅಲ್ಲಿ ಮನೆ ಮಾಡಿ ಉಳಿಯಲು ನನ್ನ ಪಗಾರ ಸಾಲದು. ಮರಾಠಿಯಾದರೆ ಕೊಲ್ಹಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸು. ಹೀಗೆ ನನ್ನ ಮಗಳ ಮೊದಲ ಭಾಷೆಯನ್ನು ಆರಿಸಿದ್ದು ಬಸ್ ಚಾರ್ಜು. ಅವಳು ಮೊದಲು ಆಡಿದ ಮಾತು 'ಆಯಿ'. ಮರಾಠಿಯಲ್ಲಿ ಅದು ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ. ಹಳ್ಳಿಯಿಂದ ಬಂದಿದ್ದ ನನ್ನ ಅವ್ವ, "ನನ್ನ ಕರದ್ಲು, ನನ್ನ ಕರದ್ಲು" ಅಂತ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾವ್ಯಾರೂ ತಿದ್ದಲಿಲ್ಲ.

ಮಹಾಪೂರದ ಆ ಸಂಜೆಗಳಲ್ಲಿ ಅವ್ವನ ಫೋನು ಬರುತ್ತಿತ್ತು. ಹಿರಣ್ಯಕೇಶಿ ನದಿಯೂ ತುಂಬಿ ಅಲ್ಲೂ ದಾರಿ ಬಂದ್. ಆರು ವರ್ಷದ ಮಗಳು ಪಾಠದ ಚಿತ್ರಗಳನ್ನು ಸರಿಸಿ ಫೋನಿನ ಸ್ಪೀಕರಿಗೆ ಕಿವಿ ಕೊಟ್ಟು ಕೂಡುತ್ತಿದ್ದಳು. ಅವ್ವ ಕನ್ನಡದಲ್ಲಿ ಎಮ್ಮೆಯ ಸುದ್ದಿ, ಮಳೆಯ ಸುದ್ದಿ ಹೇಳುತ್ತಿದ್ದಳು. "ಬ್ಯಾಟ್ರಿ ಸುಮ್ನ ಹೋಗ್ತಾವ" ಅಂತ ಹೆಂಡತಿ ಗೊಣಗುತ್ತಿದ್ದಳು. ನಾನು ನಡುವೆ ಬಾಯಿ ಹಾಕಲಿಲ್ಲ.

ಐದನೆಯ ದಿನ ಯಂತ್ರ ಸತ್ತಿತು. ಎರಡು ಬಿಲ್ಲೆಯಲ್ಲಿ ಹತ್ತು ತಾಸೂ ಮಾತು ಬರಲಿಲ್ಲ. ಹೊಸ ಜೋಡಿ ಹಾಕಿದರೆ ಅದೂ ಹಾಗೇ. ಕೇಳಲಿಕ್ಕೆ ದಾರಿಯಿಲ್ಲ, ಅಂಗಡಿಯವನ ಫೋನ್ ಹತ್ತುತ್ತಿಲ್ಲ. ಆಮೇಲೆ ತಿಳಿಯಿತು: ಅವು ಸತು–ಗಾಳಿಯ ಬ್ಯಾಟರಿ. ಮೇಲಿನ ಬಣ್ಣದ ಚೀಟಿ ಕಿತ್ತ ಕೂಡಲೇ ಒಳಗೆ ಗಾಳಿ ಹೋಗಿ ಕೆಲಸ ಸುರುವಾಗುತ್ತದೆ, ಬಳಸಿದರೂ ಬಳಸದಿದ್ದರೂ ದಿನಾ ಸವೆಯುತ್ತದೆ. ನಾನು ಬಂದ್ ಮಾಡಿಟ್ಟು ಉಳಿಸಿದ್ದೇನೆ ಅಂದುಕೊಂಡ ಹಗಲುಗಳೆಲ್ಲ ವ್ಯರ್ಥ. ಇಡೀ ದಿನ ಹಾಕಿದ್ದರೆ ಎರಡು ದಿನವಾದರೂ ಪೂರ್ತಿ ಕೇಳುತ್ತಿತ್ತು ಕೂಸಿಗೆ. ಉಳಿಸುವುದೊಂದೇ ಗೊತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಇಲ್ಲ. ಈಗ ಮನೆಯಲ್ಲಿ ಎರಡು ತಿಂಗಳ ಬ್ಯಾಟರಿ, ತಾರೀಖು ನೋಡಿ ಹಳೆಯದು ಮೊದಲು. ಒಂದು ಪಟ್ಟಿ ಶಾಲೆಯ ಶಿಕ್ಷಕಿ ಬಾಯಿಯವರ ಡ್ರಾವರಿನಲ್ಲಿ, ಒಂದು ಹಳ್ಳಿಯಲ್ಲಿ ಅವ್ವನ ಮಸಾಲೆ ಡಬ್ಬಿಯ ಪಕ್ಕ. ಕಿತ್ತದ್ದು ಕಿತ್ತ ಹಾಗೆ, ಪೂರ್ತಿ ಬಳಕೆ.

ಮಗ ಹುಟ್ಟಿದ್ದು 2018ರಲ್ಲಿ. ಅವನನ್ನು ಒಂದು ತಿಂಗಳಿಗೇ ಪರೀಕ್ಷೆಗೆ ಒಯ್ದೆವು, ಉತ್ತರ ಮೊದಲೇ ಗೊತ್ತಿದ್ದ ಹಾಗಿತ್ತು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಹೀಗೆ ರಕ್ತಸಂಬಂಧದಲ್ಲಿ ಮದುವೆಯಾದರೆ ಹುಟ್ಟುಕಿವುಡಿನ ಸಂಭವ ಹೆಚ್ಚು ಅಂತ ಡಾಕ್ಟರು ಚಿತ್ರ ಬರೆದು ತಿಳಿಸಿದರು. ಮದುವೆಯ ಹೊತ್ತಿಗೆ ಹಿರಿಯರು ನೋಡಿದ್ದು ಹೊಲ ಒಡೆಯಬಾರದು ಎಂಬುದನ್ನು. ಆ ಹೊಲದ ಅರ್ಧ ಎಕರೆ ಕಬ್ಬಿನ ಬಿಲ್ಲು ಕೊನೆಗೆ ಮಗನ ಕಿವಿಗೇ ಹೋಯಿತು. ಯಾಕೆಂದರೆ ನನ್ನ ಪಗಾರ ಅಷ್ಟರಲ್ಲಿ 15,000 ದಾಟಿತ್ತು, ಪೂರ್ತಿ ನೆರವಿನ ಗೆರೆಯ ಆಚೆ ನಿಂತಿದ್ದೆವು. ಎರಡು ಟ್ರಸ್ಟುಗಳ ಚೆಕ್ಕು, ಮಾಲಕರ ಹತ್ತಿರ ಉಚಲ (ಮುಂಗಡ), ಕಬ್ಬು. ಉಚಲ ತಗೊಂಡವನು ಅದು ತೀರುವ ತನಕ ಬೇರೆ ಮಾಲಕರ ಬಾಗಿಲು ನೋಡುವ ಹಾಗಿಲ್ಲ. ಅದಕ್ಕೆ ಬಡ್ಡಿ ಇಲ್ಲ ಅನ್ನುತ್ತಾರೆ. ನಾಲ್ಕು ವರ್ಷ ಹೆಚ್ಚಿನ ಪಗಾರ ಕೇಳಲಾಗದೆ ಕೂತದ್ದೇ ಬಡ್ಡಿ. ಆಪರೇಷನ್ 2020ರ ಮಾರ್ಚ್ ಮೊದಲ ವಾರ, ಯಂತ್ರ ಚಾಲೂ ಮಾಡಬೇಕಾದದ್ದು ತಿಂಗಳ ಕೊನೆಗೆ. 25ಕ್ಕೆ ಲಾಕ್‌ಡೌನ್ ಬಂತು. ಕಿವಿಯೊಳಗೆ ತಂತಿ ಇಟ್ಟುಕೊಂಡು ಮಗ ಜೂನ್ ತನಕ ಕಾದ. ಅವನಿಗೆ ಥೈರಾಯ್ಡ್ ತೊಂದರೆಯೂ ಇದೆ, ಕಿವುಡು ಮತ್ತು ಅದು ಒಟ್ಟಿಗೇ ಬರುವ ಆನುವಂಶಿಕ ಕಾಯಿಲೆಗಳುಂಟು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ. ನಮ್ಮ ಮನೆಯ ಎಲ್ಲ ವೈದ್ಯಖರ್ಚಿನಲ್ಲಿ ಅತಿ ಅಗ್ಗದ್ದು ಅದೊಂದೇ.

ವಿಮೆಯ ಕತೆ ಬೇಗ ಮುಗಿಸುತ್ತೇನೆ. ಒಬ್ಬ ಏಜೆಂಟರ ಮಾತಿಗೆ ಆರೋಗ್ಯವಿಮೆ ಮಾಡಿಸಿ, ಪ್ರೊಸೆಸರು ಕೆಟ್ಟಾಗ ಕ್ಲೇಮು ಹಾಕಿದೆ. ದೇಹದ ಹೊರಗೆ ತೊಡುವ ಸಲಕರಣೆ, ಆಸ್ಪತ್ರೆ ಸೇರಿಲ್ಲ, ಹಣ ಬರುವುದಿಲ್ಲ ಅಂತ ಪತ್ರ ಬಂತು. ತಪ್ಪು ನನ್ನದೇ, ಕರಾರು ಓದಿರಲಿಲ್ಲ. ಕಳವು, ಒಡೆತಕ್ಕೆ ಸಲಕರಣೆಯ ಮೇಲೆಯೇ ಬೇರೆ ವಿಮೆ ಮಾಡಿಸಬೇಕು. 'ನಿರಾಮಯ' ಮಾಡಿಸು ಅಂತ ಹೇಳುವವರಿದ್ದಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯದವರಿಗೆ, ಬರೀ ಕಿವಿಯ ತೊಂದರೆಗೆ ಅಲ್ಲ. ಆದಾಯ ತೆರಿಗೆಯ 80ಡಿಡಿಯಲ್ಲಿ 75,000, ತೊಂದರೆ ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಉಂಟು. ಬಿಲ್ಲು ಎಷ್ಟೇ ಇರಲಿ ಅಷ್ಟೇ ಮೊತ್ತ, ಅದೂ ಹಳೆಯ ಪದ್ಧತಿಯಲ್ಲಿದ್ದವರಿಗೆ. ತೆರಿಗೆ ಕಟ್ಟುವಷ್ಟು ಪಗಾರವಿರುವ ತಂದೆತಾಯಿ ಬಿಡಬಾರದು. ನನಗೆ ಅದರ ಭಾಗ್ಯವಿಲ್ಲ. ಸಂಕೇಶ್ವರದಲ್ಲಿರುವ ನನ್ನ ನಾದಿನಿಯ ಮಕ್ಕಳಿಗೆ ಈ ತೊಂದರೆ ಇದ್ದಿದ್ದರೆ ಕರ್ನಾಟಕದ 'ಶ್ರವಣ ಸಂಜೀವಿನಿ' ಯೋಜನೆ ಇತ್ತು. 2023ರಲ್ಲಿ ಮಹಾರಾಷ್ಟ್ರ ಗಡಿಯಾಚೆಯ 865 ಹಳ್ಳಿಗಳಿಗೂ ತನ್ನ ಆರೋಗ್ಯ ಯೋಜನೆ ಕೊಡುತ್ತೇನೆ ಅಂದಾಗ ಎರಡೂ ಕಡೆ ಗದ್ದಲವಾಯಿತು. ಈಚೆ ಕಡೆಯ ಕನ್ನಡದ ಮನೆಗೆ ಹೀಗೆ ಯಾರೂ ಜಗಳವಾಡಿ ಕೊಡಲು ಬರಲಿಲ್ಲ.

ಒಮ್ಮೆ ಕೂತು ಹೆಂಡತಿಯ ಲೆಕ್ಕ ಹಾಕಿದೆ. ಮದುವೆಯಾದ ಹೊಸದರಲ್ಲಿ ಅವಳು ಮನೆಯಲ್ಲೇ ನೂಲಿನ ಕಾಂಡಿ ಸುತ್ತಿ ದಿನಕ್ಕೆ 80 ರೂಪಾಯಿ ಗಳಿಸುತ್ತಿದ್ದಳು. ಥೆರಪಿಯ ಓಡಾಟ ಸುರುವಾದ ದಿನ ಅದು ನಿಂತಿತು. ವಾರಕ್ಕೆ ಎರಡು ಸಲ ಕೊಲ್ಹಾಪುರ, ಉಳಿದ ದಿನ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಮಾತು, ಮಾತು, ಮಾತು. (ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಚಾರ್ಜು ಬಂದದ್ದು 2023ರ ಮಾರ್ಚಿನಲ್ಲಿ, ಅವಳ ಓಡಾಟ ಬಹುತೇಕ ಮುಗಿದ ಮೇಲೆ.) ಐದು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಆಯಿತು, ಕೂಲಿ ಏರಿದ್ದನ್ನು ಹಿಡಿಯದೆ. ಅವಳಿಗೆ ತೋರಿಸಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಬರದದ್ದು ಛಲೋ ಆತು. ಯಾರ ಖಾತೇಕ ಹಾಕಾಂವ?" ಅಂದಳು. ಆ ಕಾಗದವನ್ನು ಎಲ್ಲಿ ಫೈಲ್ ಮಾಡುವುದೆಂದು ತಿಳಿಯದೆ ಚೋಪಡಿಯ ನಡುವೆ ಮಡಿಚಿಟ್ಟಿದ್ದೇನೆ.

ಸವಕಳಿ ಖಾತೆ ಕೊನೆಗೂ ತೆರೆದದ್ದು 2020ರ ಜುಲೈನಲ್ಲಿ, ಅಂಚೆ ಕಚೇರಿಯ ಆರ್‌ಡಿಯಲ್ಲಿ, ತಿಂಗಳಿಗೆ 2,500. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿಯೇ ಮಾಡು, ಬಡ್ಡಿ ಜಾಸ್ತಿ ಅಂದರು ತಿಳಿದವರು. ಬಡ್ಡಿ ಜಾಸ್ತಿ ನಿಜ. ಆದರೆ ಅದರಲ್ಲಿ ಹಣಕ್ಕೆ ಕೈ ಹಾಕಲು ಅವಳು ಹತ್ತನೇ ಪಾಸಾಗಬೇಕು ಇಲ್ಲವೆ ಹದಿನೆಂಟು ತುಂಬಬೇಕು, ಅದೂ ಓದಿಗೆ. ಪ್ರೊಸೆಸರು ಅಲ್ಲಿಯ ತನಕ ಕಾಯುತ್ತದೆಯೇ? ಆರ್‌ಡಿಯಾದರೆ ಒಂದು ವರ್ಷ ಕಟ್ಟಿದ ಮೇಲೆ ಅರ್ಧ ಸಾಲ ಸಿಗುತ್ತದೆ, ಮೂರು ವರ್ಷಕ್ಕೆ ಮುರಿಯಲೂಬಹುದು. ಇಂಥ ಮನೆಗೆ ಬಡ್ಡಿಯ ದರಕ್ಕಿಂತ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ಮುಖ್ಯ. ಆಗಿನ 5.8ರ ದರದಲ್ಲಿ 2025ರ ಜುಲೈಗೆ 1,74,242 ರೂಪಾಯಿ ಕೈಗೆ ಬಂತು.

ಸರಿಯಾದ ಹೊತ್ತಿಗೇ ಬಂತು. ಮಗಳ ಹಳೆಯ ಪ್ರೊಸೆಸರಿಗೆ ಒಂಬತ್ತು ವರ್ಷವಾಗಿ, ಬಿಡಿಭಾಗ ಸಿಗುವುದು ಕಷ್ಟ ಅಂತ ಉತ್ತರ ಬರತೊಡಗಿತ್ತು. ಹೊಸದಕ್ಕೆ, ಹಳೆಯದನ್ನು ವಾಪಸು ಕೊಟ್ಟರೆ 3 ಲಕ್ಷ 30 ಸಾವಿರ, ಕೊಡದಿದ್ದರೆ ಇನ್ನೂ 20 ಸಾವಿರ ಹೆಚ್ಚು. ಹೊಸದು ಕೆಟ್ಟ ದಿನ ಕೈಯಲ್ಲಿ ಇನ್ನೊಂದಿರಲಿ ಅಂತ ಹಳೆಯದನ್ನು ಕೊಡಲಿಲ್ಲ. ಆರ್‌ಡಿ ಹೋಗಿ ಉಳಿದದ್ದಕ್ಕೆ ಭಿಸಿಯಿಂದ ಒಂದು ಲಕ್ಷ. ನಮ್ಮದು ಲಿಲಾವಿನ ಭಿಸಿ, ಮೊದಲೇ ಎತ್ತಬೇಕಾದ್ದರಿಂದ 9,000 ಬಿಟ್ಟೆ. ಮಿಕ್ಕದ್ದಕ್ಕೆ ಹೆಂಡತಿಯ ಬೋರಮಾಳ ಸರ ಬ್ಯಾಂಕಿನಲ್ಲಿ ಅಡವಿಟ್ಟೆವು.

ಹೊಸದು ಬಂದ ವಾರ ಹಳ್ಳಿಗೆ ಹೋದೆವು. ಹನ್ನೆರಡು ವರ್ಷದ ಮಗಳು ಈಗ ಅಜ್ಜಿಯ ಜೊತೆ ಕನ್ನಡದಲ್ಲೇ ಜಗಳವಾಡುತ್ತಾಳೆ, ಯಾರೂ ಕಲಿಸದೆ, ರಜೆಗಳಲ್ಲಿ ಕಲಿತ ಕನ್ನಡ. ಅವ್ವ ಹೊಸ ಪ್ರೊಸೆಸರನ್ನು ಕೈಯಲ್ಲಿ ಹಿಡಿದು ನೋಡಿ, "ಎಷ್ಟ ಕೊಟ್ಟಿ?" ಅಂದಳು. ಹೇಳಿದೆ. "ಹಳೇದಕ್ಕ?" ನನ್ನ ಪುಸ್ತಕದಲ್ಲಿ ಪೂರ್ತಿ ಸವೆದ ಸಾಮಾನಿಗೆ ಒಂದು ರೂಪಾಯಿ ಬರೆಯುವ ರೂಢಿ. ಒಂದು ರೂಪಾಯಿ ಅಂದೆ. ಮಗಳು ನಗಲಿಲ್ಲ. ಹಳೆಯದನ್ನು ಅವ್ವನ ಮಸಾಲೆ ಡಬ್ಬಿಯ ಪಕ್ಕ, ಬ್ಯಾಟರಿ ಪಟ್ಟಿಯ ಜೊತೆ, ತಾನೇ ಇಟ್ಟು ಬಂದಳು.

ಮಗನ ಪ್ರೊಸೆಸರಿಗೆ ಈಗ ಐದು ವರ್ಷ. ಅವನ ಆರ್‌ಡಿ ಆಗಸ್ಟಿನಲ್ಲಿ ಸುರು ಮಾಡಿದೆ, ಈ ಸಲ 3,500. ಬೋರಮಾಳ ಮಾರ್ಚಿಗೆ ಬಿಡಿಸಬೇಕು.