ಮಾನವನ ಕಣ್ಣಿಗೆ ಎರಡು ಪೌಂಡು

"ಅತ್ತಿಗೆ, ಏನೂ ಆಗಲ್ಲ. ಪೆನ್‌ಡ್ರೈವ್ ಹಾಕಿ, ಫೈಲ್ ಓಪನ್ ಮಾಡಿ, ಮುಗೀತು" ಅಂದಿದ್ದ ನನ್ನ ಮೈದುನ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಪ್ಪೆಲ್ಲ ಅವನದೇ ಅನ್ನುವ ಹಾಗಿಲ್ಲ ಬಿಡಿ. ಎಚ್‌ಎಂ ಅವರ ಪಾಲೂ ಇದೆ, ನನ್ನ ಹಟದ ಪಾಲಂತೂ ಬೇಕಾದಷ್ಟಿದೆ. ಆದರೆ ಮನೆಯವರನ್ನು ಬೈದಷ್ಟು ಸಲೀಸಾಗಿ ಎಚ್‌ಎಂ ಅವರನ್ನು ಬೈಯಲು ಬರುವುದಿಲ್ಲವಲ್ಲ, ಅದಕ್ಕೇ ಅವನಿಂದ ಶುರು ಮಾಡಿದೆ.

ಮೈದುನನದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಜಾತ್ರೆ ಫ್ಲೆಕ್ಸು, ಗೃಹಪ್ರವೇಶದ ಕಾರ್ಡು. ಬಿ.ಇಡಿ. ಮೂರನೇ ಸೆಮಿಸ್ಟರಿನಲ್ಲಿ ನನಗೆ ಗುಂಡ್ಲುಪೇಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 16 ವಾರದ ಇಂಟರ್ನ್‌ಶಿಪ್ ಬಿತ್ತು. ಎಂಟನೇ ತರಗತಿಯ ವಿಜ್ಞಾನ, 'ಬೆಳಕು' ಪಾಠ. ಅದರಲ್ಲಿ ಮಾನವನ ಕಣ್ಣಿನ ಭಾಗವನ್ನು ಸ್ಮಾರ್ಟ್ ಕ್ಲಾಸಿನಲ್ಲೇ ಮಾಡುತ್ತೇನೆ ಎಂದು ಮೊದಲೇ ಹೇಳಿಕೊಂಡು ತಿರುಗಿದ್ದೆ. ಅವತ್ತು ಕಾಲೇಜಿನಲ್ಲಿ ನಮಗೆ ಬೋಧನಾ ವಿಧಾನ ಕಲಿಸುವ ಮೆಥಡ್ ಸರ್ ವೀಕ್ಷಣೆಗೆ ಬರುವವರಿದ್ದರು. ಜೊತೆಯ ಪ್ರಶಿಕ್ಷಣಾರ್ಥಿಗಳೆಲ್ಲ ಥರ್ಮಾಕೋಲ್ ಕತ್ತರಿಸಿ, ಚಾರ್ಟ್‌ಗೆ ಸ್ಕೆಚ್ ಪೆನ್ ತಿಕ್ಕುತ್ತಾ ಕೂತಿದ್ದಾಗ ನಾನು ಅವರನ್ನು ನೋಡಿ ನಕ್ಕಿದ್ದೂ ಉಂಟು. "ಒಂದು ಚಾರ್ಟ್ ಇಟ್ಟುಕೊಂಡಿರಮ್ಮಾ, ಕರೆಂಟ್ ನಂಬಬೇಡ" ಅಂದರು ಮೆಥಡ್ ಸರ್. "ಯುಪಿಎಸ್ ಇದೆ ಸರ್" ಅಂದೆ. ಯುಪಿಎಸ್ ಇದ್ದದ್ದು ನಿಜ. ಅವತ್ತು ಕರೆಂಟೂ ಹೋಗಲಿಲ್ಲ.

ಸ್ಲೈಡು ಮಾಡಿದ್ದು ನಾನೇ, ಟೈಪ್ ಮಾಡಿದ್ದು ಮೈದುನ. ಅವನ ಬೆರಳು ಓಡುವ ವೇಗಕ್ಕೆ ನನ್ನದು ಎಲ್ಲಿ ಸಾಟಿ? ಕಾರ್ನಿಯ, ಕಣ್ಣಪಾಪೆ, ಮಸೂರ, ರೆಟಿನಾ, ಒಂದೊಂದೂ ಬಾಣದ ಗುರುತಿನ ಜೊತೆ ಬಂದು ನಿಲ್ಲುವ ಹಾಗೆ ಅನಿಮೇಶನ್ ಹಾಕಿದೆ. ಒಟ್ಟು 22 ಸ್ಲೈಡು. ಅವನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ಓಡಿಸಿ ನೋಡಿದೆವು. ಅತ್ತೆ ಕೂಡ ಅಡುಗೆಮನೆಯಿಂದ ಬಂದು ನೋಡಿ, "ಕಣ್ಣೊಳಗೆ ಇಷ್ಟೆಲ್ಲಾ ಐತಾ" ಅಂದರು.

ಕಾಲೇಜಿನಲ್ಲಿ ಇದನ್ನೆಲ್ಲ ಕಲಿಸುವುದಿಲ್ಲವೇ ಎಂದು ಕೇಳಿದರೆ, ಕಲಿಸುತ್ತಾರೆ. ಐಸಿಟಿಗೆಂದೇ ಪ್ರತ್ಯೇಕ ಅಂಕವಿದೆ, ರೆಕಾರ್ಡ್ ಬರೆಯಬೇಕು. ನನ್ನ ರೆಕಾರ್ಡಿನಲ್ಲಿ ಪ್ರೊಜೆಕ್ಟರಿನ ಚಿತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿ, ನೆರಳು ಕೊಟ್ಟು, ಭಾಗಗಳನ್ನು ಹೆಸರಿಸಿದ್ದೇನೆ. ಎದುರಿನ ಪುಟದಲ್ಲಿ ಅದರ ಉಪಯೋಗಗಳು ಹತ್ತು, ಮಿತಿಗಳು ಐದು. ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಷರಾ, ಕೆಳಗೆ ಸಹಿ. ಆ ಹೊತ್ತಿಗೆ ನಾನು ಒಂದೇ ಒಂದು ಪ್ರೊಜೆಕ್ಟರಿನ ಗುಂಡಿ ಒತ್ತಿರಲಿಲ್ಲ. ಕಾಲೇಜಿನದನ್ನು ಅಟೆಂಡರ್ ಒಬ್ಬರೇ ಆನ್ ಮಾಡುತ್ತಿದ್ದರು, ಅವರು ರಜೆಯಿದ್ದರೆ ಪ್ರೊಜೆಕ್ಟರಿಗೂ ರಜೆ.

ಇಂಥದ್ದು ನನಗೆ ಹೊಸದೇನಲ್ಲ. ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದ್ದು 2004ರ ಸೆಪ್ಟೆಂಬರಿನಲ್ಲಿ. ಅದರ ಪ್ರಾಥಮಿಕ ಶಾಲೆಯ ಪಾಠಗಳು ಮೊದಮೊದಲಿಗೆ ಬಂದ ಜಿಲ್ಲೆಗಳಲ್ಲಿ ನಮ್ಮ ಚಾಮರಾಜನಗರವೂ ಒಂದು. ನಾನಾಗ ಯಳಂದೂರು ಕಡೆಯ ಹಳ್ಳಿಯಲ್ಲಿ ಸಣ್ಣ ಹುಡುಗಿ. ಶಾಲೆಯ ಮಾಳಿಗೆ ಮೇಲೆ ಡಿಶ್ ಬಂತು, ಕೋಣೆಯಲ್ಲಿ ಟಿವಿ ಬಂತು, ನಾವು ಸಾಲಾಗಿ ಕೂತು ಬಾಯಿ ಬಿಟ್ಟುಕೊಂಡು ನೋಡಿದೆವು. ಟಿವಿಗೆ ಹೊಲಿಸಿದ್ದ ಹೂವಿನ ಬಟ್ಟೆಯ ಗವಸು ನನಗೆ ಪಾಠಕ್ಕಿಂತ ಚೆನ್ನಾಗಿ ನೆನಪಿದೆ, ಏಕೆಂದರೆ ಆಮೇಲಾಮೇಲೆ ನಾವು ನೋಡಿದ್ದು ಗವಸನ್ನೇ.

ಈಗ ಎಚ್‌ಎಂ ಅವರ ಸರದಿ. ಒಳ್ಳೆಯವರು, ಮಧ್ಯಾಹ್ನದ ಊಟದ ಸಾರನ್ನು ಮಕ್ಕಳಿಗಿಂತ ಮೊದಲು ತಾವು ರುಚಿ ನೋಡುವವರು. ಆದರೆ ಸ್ಮಾರ್ಟ್ ಕ್ಲಾಸ್ ಅಂದರೆ ಅವರಿಗೆ ದಾಸ್ತಾನು ರಿಜಿಸ್ಟರಿನ ಒಂದು ಸಾಲು. ಬೀಗದ ಕೈ ಅವರ ಕೈಚೀಲದಲ್ಲಿ, ರಿಮೋಟು ಬೀರುವಿನಲ್ಲಿ, ಬೀರುವಿನ ಕೈ ಇನ್ನೊಬ್ಬರ ಹತ್ತಿರ. ಹಿಂದಿನ ದಿನ ಹೋಗಿ, "ಸರ್, ಒಂದು ಅರ್ಧ ಗಂಟೆ ಹಾಕಿ ನೋಡ್ತೀನಿ" ಅಂದೆ. "ನಾಳೆ ಹೇಗೂ ಹಾಕ್ತೀರಲ್ಲಮ್ಮ. ಸುಮ್ನೆ ಎರಡು ಸಲ ಯಾಕೆ? ಬಲ್ಬ್ ಹೋದ್ರೆ ಆಡಿಟ್‌ನೋರಿಗೆ ನಾನು ಉತ್ತರ ಹೇಳ್ಬೇಕು" ಅಂದರು. ಇನ್ನೊಂದು ಸಲ ಕೇಳಬಹುದಿತ್ತು. ನನಗೂ ಬಿಗುಮಾನ, ಕೇಳಲಿಲ್ಲ.

ಮರುದಿನ ಮೂರನೇ ಪೀರಿಯಡ್. ಮಕ್ಕಳು 41 ಜನ, ಸ್ಮಾರ್ಟ್ ಕ್ಲಾಸಿಗೆ ಹೋಗುವುದೆಂದರೆ ಜಾತ್ರೆಗೆ ಹೊರಟ ಖುಷಿ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಪ್ರೊಜೆಕ್ಟರಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮೆಥಡ್ ಸರ್ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕೂತರು. ನಾನು ಮೈದುನನ ಲ್ಯಾಪ್‌ಟಾಪ್ ತೆಗೆದೆ, ಸೂರಿನಿಂದ ಇಳಿಬಿಟ್ಟಿದ್ದ ಕೇಬಲ್ ಹಿಡಿದೆ. ಅದರ ತುದಿಗೆ ನೀಲಿ ಮೂತಿ, ಮೂರು ಸಾಲಿನಲ್ಲಿ 15 ಸೂಜಿ, ಹಳೆಯ ವಿಜಿಎ. ಲ್ಯಾಪ್‌ಟಾಪ್ ಹೊಸದು, ಅದರಲ್ಲಿ ಇರುವುದು ಚಪ್ಪಟೆ ಬಾಯಿಯ ಎಚ್‌ಡಿಎಂಐ ಮಾತ್ರ. ಸುತ್ತ ತಿರುಗಿಸಿ ನೋಡಿದೆ. ಮಗುವಿನ ಹಾಗೆ ಇನ್ನೊಂದು ಸಲ ತಿರುಗಿಸಿ ನೋಡಿದೆ. ತೂತೇ ಇಲ್ಲ.

ಆಯಿತು, ಪೆನ್‌ಡ್ರೈವ್ ಇದೆಯಲ್ಲ. ಶಾಲೆಯ ಹಳೆ ಕಂಪ್ಯೂಟರ್ ಆನ್ ಮಾಡಿದೆ. ಅದು ಏಳುವುದಕ್ಕೆ ಐದು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತು "ಬೆಳಕು ಅಂದರೇನು, ಯಾರು ಹೇಳ್ತೀರಿ" ಎಂದು ಕಾಲ ಹಾಕಿದೆ. ಅಂತೂ ಫೈಲು ಸಿಕ್ಕಿತು, ತೆರೆದೆ. ಪರದೆ ಬೆಳಗಿತು. ನನ್ನ ನೀಲಿ ಹಿನ್ನೆಲೆ, ಹಳದಿ ಅಂಚು, ಕಣ್ಣಿನ ಚಿತ್ರ ಎಲ್ಲ ಸರಿಯಾಗಿತ್ತು. ಶೀರ್ಷಿಕೆ ಮಾತ್ರ 'ಮಾನವನ ಕಣ್ಣು' ಅಂತಿರಲಿಲ್ಲ. ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರಗಳು ಸಾಲಾಗಿ ನಿಂತಿದ್ದವು, ಅವುಗಳ ನಡುವೆ ಎರಡು ಪೌಂಡ್ ಗುರುತು, ಆಚೆಗೊಂದು ದೊಡ್ಡ ಪಿ. ಮುಂದಿನ ಸ್ಲೈಡು ಒತ್ತಿದೆ. ಬಾಣ ನಿಧಾನವಾಗಿ ಹಾರಿ ಬಂದು ಕಾರ್ನಿಯಕ್ಕೆ ನಾಟಿತು, ಅದರ ಹಿಂದೆಯೇ ಇನ್ನೊಂದು ರಾಶಿ ಗೀಟು, ಕೊಂಬು, ಚುಕ್ಕೆ. ಒತ್ತಿದೆ, ಒತ್ತಿದೆ. ಏಳನೇ ಸ್ಲೈಡಿನಲ್ಲಾದರೂ ಸರಿಹೋಗಬಹುದು ಎಂದು ಯಾಕೆ ಅಂದುಕೊಂಡೆನೋ ಗೊತ್ತಿಲ್ಲ. ಅಂಗೈ ಬೆವರಿ ಮೌಸ್ ಜಾರುತ್ತಿತ್ತು.

ಎರಡನೇ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಅದು ಇಂಗ್ಲೆಂಡ್ ದುಡ್ಡಲ್ವಾ ಮಿಸ್?"

ಇಡೀ ಕೋಣೆ ನಕ್ಕಿತು. ನಾನು ಮೆಥಡ್ ಸರ್ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದರು. ಕರೆಂಟು ಹೋಗಬಾರದೇ ಎಂದು ಜೀವನದಲ್ಲಿ ಮೊದಲ ಸಲ ದೇವರನ್ನು ಬೇಡಿಕೊಂಡೆ. ಸಂಪಿಗೆ ಮರದ ನೆರಳು ಕಿಟಕಿಯ ಮೇಲೆ ಬಿದ್ದಿತ್ತು, ಫ್ಯಾನು ಸುತ್ತುತ್ತಲೇ ಇತ್ತು.

ಆಗಿದ್ದೇನೆಂದು ತಿಳಿದದ್ದು ಆಮೇಲೆ. ಮೈದುನ ಬಳಸಿದಂಥ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಮನೆಯಿಲ್ಲ. ಇಂಗ್ಲಿಷಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂರಿಸಿರುತ್ತಾರೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ 'ನ' ಕಾಣುತ್ತದೆ, ಇಲ್ಲದ ಕಡೆ ಮನೆಯ ಮಾಲೀಕ ಪೌಂಡ್ ಆಚೆ ಬಂದು ನಿಲ್ಲುತ್ತದೆ. ಮಾನವನ ಎಂಬಲ್ಲಿ ಎರಡು 'ನ', ಎರಡು ಪೌಂಡು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಮನೆ ಸಿಕ್ಕು, 1991ರಿಂದ ಲೆಕ್ಕ ಹಾಕಿದರೆ, ಮೂವತ್ತು ವರ್ಷದ ಮೇಲಾಯಿತು. ಮದುವೆ ಪತ್ರಿಕೆಯ ಲೋಕದಲ್ಲಿ ಮಾತ್ರ ಇನ್ನೂ ಬಾಡಿಗೆದಾರರೇ ಹೆಚ್ಚು.

ತರಗತಿಗೆ ಬರುತ್ತೇನೆ. ಇನ್ನೂ 25 ನಿಮಿಷ ಉಳಿದಿತ್ತು. ಕಪ್ಪುಹಲಗೆ ಪರದೆಯ ಹಿಂದೆ ಸಿಕ್ಕಿಕೊಂಡಿತ್ತು, ಸೀಮೆಸುಣ್ಣವೂ ಆ ಕೋಣೆಯಲ್ಲಿಲ್ಲ, ಧೂಳಾಗುತ್ತದೆಂದು ತರಗೊಡುವುದಿಲ್ಲ. ಪ್ರೊಜೆಕ್ಟರ್ ಆರಿಸಿ, "ನೋಟ್‌ಬುಕ್ ತೆಗೀರಿ" ಅಂದೆ. "ಒಂದು ಗುಣಿಸು ಚಿಹ್ನೆ ಹಾಕಿ. ಅದರ ಬಲಗಡೆ ಏಳು ಸೆಂಟಿಮೀಟರ್ ಬಿಟ್ಟು ಒಂದು ಕಪ್ಪು ಗುಂಡು. ತೋಳು ಚಾಚಿ ಪುಸ್ತಕ ಹಿಡೀರಿ. ಎಡಗಣ್ಣು ಮುಚ್ಚಿ. ಚಿಹ್ನೆಯನ್ನೇ ನೋಡ್ತಾ ಪುಸ್ತಕಾನ ನಿಧಾನಕ್ಕೆ ಹತ್ತಿರ ತನ್ನಿ."

ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಲವತ್ತೊಂದು ಮಕ್ಕಳು ಒಂದೊಂದು ಕಣ್ಣು ಮುಚ್ಚಿಕೊಂಡು ಪುಸ್ತಕ ಎಳೆದುಕೊಳ್ಳುತ್ತಿದ್ದಾರೆ. ಪುಸ್ತಕ ಮುಖದಿಂದ ಒಂದು ಗೇಣು ದೂರಕ್ಕೆ ಬರುವ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿ ಕಿರುಚಿದಳು, "ಗುಂಡು ಹೋಯ್ತು ಕನ್ ಮಿಸ್!" ಆಮೇಲೆ ಇನ್ನೊಬ್ಬಳು, ಮತ್ತೊಬ್ಬ. "ಇನ್ನೂ ಹತ್ರ ತಂದ್ರೆ ವಾಪಸ್ ಬತ್ತದೆ!" ಪೌಂಡ್ ಗುರುತು ಹಿಡಿದುಕೊಟ್ಟ ಹುಡುಗನಿಗೆ ಮಾತ್ರ ಗುಂಡು ಹೋಗುತ್ತಲೇ ಇಲ್ಲ. ಹೋಗಿ ನೋಡಿದರೆ ಗುಂಡನ್ನು ಎಡಗಡೆ ಹಾಕಿಕೊಂಡಿದ್ದಾನೆ. "ಪುಸ್ತಕ ತಲೆಕೆಳಗೆ ಮಾಡಿ ಹಿಡಿ" ಅಂದೆ. ಹಿಡಿದ, ಎಳೆದ, ಬೆಚ್ಚಿಬಿದ್ದ. ಕಣ್ಣಿನ ನರ ರೆಟಿನಾದಿಂದ ಹೊರಹೋಗುವ ಜಾಗದಲ್ಲಿ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ, ಅದೇ ಅಂಧಬಿಂದು, ಅಂತ ಹೇಳುವುದಕ್ಕೆ ನನಗೆ ಎರಡೇ ನಿಮಿಷ ಸಾಕಾಯಿತು. ಸ್ಲೈಡಿನಲ್ಲಿ ಇದೇ ಮಾತಿಗೆ ನಾಲ್ಕು ಪುಟ ಕೊಟ್ಟಿದ್ದೆ.

ಮೆಥಡ್ ಸರ್ ಕೊಟ್ಟ ಅಂಕ: ವಿದ್ಯಾರ್ಥಿಗಳ ಭಾಗವಹಿಸುವಿಕೆಗೆ 10ಕ್ಕೆ 9, ತಂತ್ರಜ್ಞಾನ ಬಳಕೆಗೆ 10ಕ್ಕೆ 3. ಷರಾ: 'ಪೂರ್ವಸಿದ್ಧತೆ ಸಾಲದು.' ಪೂರ್ವಸಿದ್ಧತೆಗೆ ಬೀಗದ ಕೈಯೇ ಸಿಗಲಿಲ್ಲ ಎಂದು ಅವರಿಗೆ ಹೇಳಿದೆ. "ಚಾರ್ಟ್‌ಗೆ ಬೀಗ ಇರಲಿಲ್ಲವಲ್ಲಮ್ಮ" ಅಂದರು. ಆ 3 ಅನ್ಯಾಯವೆಂದೇ ನಾನು ಈಗಲೂ ವಾದಿಸುತ್ತೇನೆ. ಮೈದುನನಿಗೆ ಫೋನ್ ಮಾಡಿ ಕೂಗಾಡಿದ್ದಕ್ಕೆ ಅವನು, "ಪಿಡಿಎಫ್ ಮಾಡ್ಕೊಡು ಅಂತ ನೀವು ಕೇಳಲೇ ಇಲ್ವಲ್ಲ ಅತ್ತಿಗೆ" ಅಂದ. ಕೇಳಲು ನನಗೆ ಗೊತ್ತಿದ್ದರೆ ತಾನೆ?

ಅದಕ್ಕೇ ಹೇಳುತ್ತಿದ್ದೇನೆ, ಮುಂದಿನ ಬ್ಯಾಚಿನವರು ಕೇಳಿಸಿಕೊಳ್ಳಿ. ಟೈಪ್ ಮಾಡುವುದಿದ್ದರೆ ಯೂನಿಕೋಡಿನಲ್ಲೇ ಮಾಡಿ. ನುಡಿ ತಂತ್ರಾಂಶದಲ್ಲಿ ಆ ಆಯ್ಕೆಯಿದೆ, ಕೀಲಿಮಣೆ ಅದೇ ಕೆ.ಪಿ. ರಾವ್ ವಿನ್ಯಾಸ, ಬೆರಳು ಹೊಸದೇನೂ ಕಲಿಯಬೇಕಿಲ್ಲ. ಬೇರೆಯವರು ಟೈಪ್ ಮಾಡಿಕೊಟ್ಟರೆ ಪಿಡಿಎಫ್ ಕೂಡ ಮಾಡಿಸಿಟ್ಟುಕೊಳ್ಳಿ, ಅದರಲ್ಲಿ ಅಕ್ಷರ ಕೆಡುವುದಿಲ್ಲ, ಬಾಣ ಹಾರುವುದಿಲ್ಲ ಅಷ್ಟೆ. ಎಚ್‌ಡಿಎಂಐಯಿಂದ ವಿಜಿಎಗೆ ಹಾಕುವ ಒಂದು ಗಿಡ್ಡ ಕನೆಕ್ಟರ್ ಬರುತ್ತದೆ, ನಾನು 300 ರೂಪಾಯಿ ಕೊಟ್ಟು ತಂದು ಟಿಫಿನ್ ಬ್ಯಾಗಿನಲ್ಲೇ ಇಟ್ಟಿದ್ದೇನೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾದಲ್ಲಿ ವಿಡಿಯೊ ತೋರಿಸುವವರು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ, ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಹತ್ತಿರ. ಇನ್ನು ಚಾರ್ಟು, ಅದನ್ನು ಮಾಡುವವರನ್ನು ನೋಡಿ ನಗಬೇಡಿ.

ಎಚ್‌ಎಂಗಳಲ್ಲಿ ನನ್ನದೊಂದು ಬಿನ್ನಹ. ಪ್ರಶಿಕ್ಷಣಾರ್ಥಿ ಬಂದು ಸ್ಮಾರ್ಟ್ ಕ್ಲಾಸಿನ ಬೀಗದ ಕೈ ಕೇಳಿದರೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಒಂದು ದಿನ ಮುಂಚೆ, ಅರ್ಧ ಗಂಟೆ ಕೊಡಿ.