ಕಾಗದದ ಮಡಿಕೆಯೂ ಮನಸ್ಸಿನ ಬೇಸರವೂ

ಕಾಗದದ ದೋಣಿಯನ್ನು ಮಾಡಿ ಮಳೆಯ ನೀರಿನಲ್ಲಿ ತೇಲಿಬಿಡದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ಈ ಕೈಕೆಲಸವನ್ನೇ ಜಪಾನೀಯರು ಒಂದು ಕಲೆಯಾಗಿ ಬೆಳೆಸಿದರು. ಅದಕ್ಕೆ ಒರಿಗಾಮಿ ಎಂದು ಹೆಸರು. ಕತ್ತರಿಯಿಲ್ಲದೆ, ಅಂಟಿಲ್ಲದೆ, ಚೌಕವಾದ ಒಂದೇ ಹಾಳೆಯಿಂದ ಕೊಕ್ಕರೆ, ಕಪ್ಪೆ, ಹೂವುಗಳನ್ನು ಮೂಡಿಸುವ ಈ ಹವ್ಯಾಸಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆದರೆ ಇದು ಬೇಡುವ ತಾಳ್ಮೆ ಅಲ್ಪವಲ್ಲ. ಹತ್ತನೆಯ ಮಡಿಕೆಯಲ್ಲಿ ಮೂಲೆಗೆ ಮೂಲೆ ಕೂಡುವುದಿಲ್ಲ. ಕೊಕ್ಕರೆಯ ಕೊರಳು ಹರಿಯುತ್ತದೆ. ಹಾಳೆ ಮುದ್ದೆಯಾಗಿ ಕಸದ ಬುಟ್ಟಿಯನ್ನು ಸೇರುತ್ತದೆ. ‘ಇದು ನನ್ನ ಕೈಗೆ ಬರುವಂಥದಲ್ಲ’ ಎಂದು ಕಲಿಯುವವನು ತೀರ್ಮಾನಿಸಿಬಿಡುತ್ತಾನೆ. ಈ ತೀರ್ಮಾನಕ್ಕೆ ಆಧಾರವಿದೆಯೇ ಎಂಬುದನ್ನು ಪರಿಶೀಲಿಸೋಣ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇದು ಮಳೆ ಕಡಮೆಯಾದ ಬಯಲುಸೀಮೆ. ಬೇಸಗೆಯ ಗಾಳಿಯಲ್ಲಿ ತೇವ ಬಹಳ ಕಡಮೆ. ಇಂತಹ ಸೀಮೆಯಲ್ಲಿ ಮುತ್ತುಗದ ಎಲೆಯಿಂದ ಊಟದ ಎಲೆ ಹಚ್ಚುವವರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಒಣಗಿದ ಎಲೆಗೆ ನೀರು ಚಿಮುಕಿಸಿ, ಅದು ಮೆತ್ತಗಾದ ಮೇಲೆಯೇ ಕಡ್ಡಿ ಚುಚ್ಚಬೇಕು; ಇಲ್ಲವಾದರೆ ಎಲೆ ಸೀಳುತ್ತದೆ. ಎಲೆ ಸೀಳಿದಾಗ ಅವರು ತಮ್ಮ ಕೈಯನ್ನು ಹಳಿದುಕೊಳ್ಳುವುದಿಲ್ಲ, ಎಲೆಯ ಹದವನ್ನು ನೋಡುತ್ತಾರೆ. ಕಾಗದವನ್ನು ಮಡಿಸುವವನು ಮೊದಲು ಕಲಿಯಬೇಕಾದ ಪಾಠ ಇದೇ.

ಕಾಗದವೂ ಸಸ್ಯದಿಂದಲೇ ಬಂದುದು. ಸೆಲ್ಯುಲೋಸ್ ಎಂಬ ವಸ್ತುವಿನಿಂದಾದ ಅಸಂಖ್ಯ ಸಣ್ಣ ನಾರುಗಳು ಒಂದಕ್ಕೊಂದು ಹೆಣೆದು ಹಾಳೆಯಾಗಿರುತ್ತವೆ. ಹಾಳೆಯನ್ನು ಮಡಿಸಿದಾಗ ಮಡಿಕೆಯ ಹೊರಮೈಯ ನಾರುಗಳು ಎಳೆಯಲ್ಪಡುತ್ತವೆ, ಒಳಮೈಯವು ಒತ್ತಲ್ಪಡುತ್ತವೆ. ಅವುಗಳ ನಡುವಣ ಬಂಧನಗಳಲ್ಲಿ ಕೆಲವು ಮುರಿಯುತ್ತವೆ. ಆದುದರಿಂದಲೇ ಒಮ್ಮೆ ಬಿದ್ದ ಗೆರೆ ಪೂರ್ಣವಾಗಿ ಅಳಿಯುವುದಿಲ್ಲ. ಕಾಗದದಲ್ಲಿ ಅಲ್ಪಸ್ವಲ್ಪ ನೀರು ಸದಾ ಇರುತ್ತದೆ. ಅದು ನಾರುಗಳನ್ನು ಮೆತ್ತಗಿಡುತ್ತದೆ. ಒಣಗಾಳಿಯಲ್ಲಿ ಈ ನೀರು ಇಂಗಿದರೆ ಹಾಳೆ ಪೆಡಸಾಗಿ, ಮಡಿಕೆಯಲ್ಲಿ ಬಿರಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪಾವಗಡದ ಬಾಲಕನೊಬ್ಬನ ಕೊಕ್ಕರೆ ಹರಿದರೆ, ಅದರಲ್ಲಿ ಹವೆಯ ಪಾಲೂ ಇರಬಹುದು.

ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡು ದಿಕ್ಕಿನಲ್ಲಿಯೂ ಮೆಲ್ಲನೆ ಬಾಗಿಸಿ ನೋಡಿದರೆ, ಒಂದು ಕಡೆ ಸುಲಭವಾಗಿಯೂ ಇನ್ನೊಂದು ಕಡೆ ಬಿಗುವಾಗಿಯೂ ಬಾಗುವುದನ್ನು ಕಾಣಬಹುದು. ದಪ್ಪದ ಲೆಕ್ಕವೂ ಉಂಟು. ಸಾಧಾರಣ ಬರೆವಣಿಗೆಯ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅದನ್ನು 5 ಸಲ ಅರ್ಧಕ್ಕೆ ಮಡಿಸಿದರೆ 32 ಪದರಗಳಾಗಿ, ದಪ್ಪ 3 ಮಿಲಿಮೀಟರಿಗೂ ಮೀರುತ್ತದೆ. ನೋಟ್‌ಬುಕ್ಕಿನ ಸಣ್ಣ ಹಾಳೆಯಲ್ಲಿ ಕಠಿನವಾದ ಆಕೃತಿಯನ್ನು ಮಾಡಹೊರಟು ಸೋತವನಿಗೆ ಬೇಕಾದುದು ಬೇರೆ ಕೈಗಳಲ್ಲ. ಇನ್ನೂ ತೆಳುವಾದ, ದೊಡ್ಡದಾದ ಹಾಳೆ.

ಮುತ್ತುಗದ ಎಲೆಯ ಉಪಾಯವನ್ನು ಹೋಲುವ ಒಂದು ವಿಧಾನ ಒರಿಗಾಮಿಯಲ್ಲಿಯೂ ಇದೆ. ಆಧುನಿಕ ಒರಿಗಾಮಿಯ ಆಚಾರ್ಯರೆನಿಸಿದ ಅಕಿರಾ ಯೋಷಿಜಾವಾ (1911–2005) ದಪ್ಪ ಕಾಗದವನ್ನು ತುಸು ತೇವಗೊಳಿಸಿ ಮಡಿಸುವ ಕ್ರಮವನ್ನು ರೂಢಿಗೆ ತಂದರು. ತೇವವಿದ್ದಾಗ ನಾರುಗಳು ಕೈಯ ಮಾತು ಕೇಳುತ್ತವೆ. ಒಣಗಿದ ಮೇಲೆ ಆಕೃತಿ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ಅಳತೆಯ ತಪ್ಪಿನ ವಿಚಾರ. ಹಾಳೆ ನಿಜವಾದ ಚೌಕವಾಗಿರದಿದ್ದರೆ ಮೊದಲ ಮಡಿಕೆಯ ತಪ್ಪು ಮುಂದಿನ ಮಡಿಕೆಗಳಲ್ಲಿ ಕೂಡುತ್ತ ಹೋಗುತ್ತದೆ. ಹತ್ತನೆಯ ಹೆಜ್ಜೆಯಲ್ಲಿ ಕಾಣಿಸಿಕೊಂಡ ಸೋಲಿನ ಬೇರು ಎಷ್ಟೋ ವೇಳೆ ಮೊದಲನೆಯ ಹೆಜ್ಜೆಯಲ್ಲಿರುತ್ತದೆ. ಆದರೆ ತಪ್ಪು ಬೆಳೆಯಲೇಬೇಕೆಂಬ ನಿಯಮವೇನೂ ಇಲ್ಲ. ಮಡಿಸುತ್ತ ಹೋದಂತೆ ಅದನ್ನು ಕರಗಿಸುವ ಕ್ರಮವೂ ಇದೆ. ಅದಕ್ಕೆ ಜಪಾನಿನ ಶುಜೊ ಫ್ಯುಜಿಮೊಟೊ ಅವರ ಹೆಸರು ಸೇರಿದೆ. ವಾಚಕರು ಇದನ್ನು ಸ್ವತಃ ಮಾಡಿ ನೋಡಬಹುದು.

30 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಅಳತೆಪಟ್ಟಿಯಿಲ್ಲದೆ ಮೂರು ಸಮಭಾಗ ಮಾಡಬೇಕು. ಎಡತುದಿಯಿಂದ ಮೂರನೆಯ ಒಂದು ಭಾಗ ಎಲ್ಲಿರಬಹುದೆಂದು ಕಣ್ಣಂದಾಜಿನಿಂದ ಸಣ್ಣ ಚಿವುಟು ಗುರುತು ಮಾಡಿ. ಅದು 10 ಸೆಂಟಿಮೀಟರಿನ ಬದಲು 10.8ರಲ್ಲಿ ಬಿತ್ತೆನ್ನೋಣ, ತಪ್ಪು 8 ಮಿಲಿಮೀಟರ್. ಈಗ ಬಲತುದಿಯನ್ನು ಆ ಗುರುತಿಗೆ ತಂದು ಮಡಿಸಿದರೆ ಹೊಸ ಗುರುತು 20.4ರಲ್ಲಿ ಬೀಳುತ್ತದೆ, ಬೇಕಾದುದು 20, ತಪ್ಪು 4 ಮಿಲಿಮೀಟರ್. ಬಳಿಕ ಎಡತುದಿಯನ್ನು ಈ ಹೊಸ ಗುರುತಿಗೆ ತನ್ನಿ, 10.2 ಬರುತ್ತದೆ. ಪುನಃ ಬಲತುದಿ: 20.1. ಪುನಃ ಎಡತುದಿ: 10.05. ಪ್ರತಿ ಮಡಿಕೆಯಲ್ಲಿಯೂ ಉಳಿದ ಭಾಗವನ್ನು ನಾವು ಅರ್ಧ ಮಾಡುವುದರಿಂದ ತಪ್ಪೂ ಅರ್ಧವಾಗುತ್ತದೆ. 8 ಮಿಲಿಮೀಟರಿನ ತಪ್ಪು ನಾಲ್ಕೇ ಮಡಿಕೆಗಳಲ್ಲಿ ಅರ್ಧ ಮಿಲಿಮೀಟರಿಗೆ ಇಳಿಯಿತು. ಮೊದಲ ಅಂದಾಜು ಸರಿಯಾಗಿರಬೇಕೆಂಬ ನಿರ್ಬಂಧ ಇಲ್ಲಿಲ್ಲ. ಅಂದಾಜು ಮಾಡುವ ಧೈರ್ಯ, ತಿದ್ದುವ ಕ್ರಮ, ಇವೆರಡೇ ಸಾಕು.

ಅಸಾಧ್ಯವೆಂಬ ಮಾತನ್ನು ಎಷ್ಟು ಎಚ್ಚರದಿಂದ ಆಡಬೇಕೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವಿದೆ. ಪಾವಗಡ ತಾಲ್ಲೂಕನ್ನು ಬಹುಪಾಲು ಸುತ್ತುವರಿದಿರುವ ಆಂಧ್ರದ ಭೂಭಾಗ ಒಮ್ಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಟಿ. ಸುಂದರ ರಾಯರು ಕಾಗದವನ್ನು ಮಡಿಸಿ ರೇಖಾಗಣಿತವನ್ನು ಅಭ್ಯಸಿಸುವ ಕ್ರಮವನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನರು ಅದನ್ನು ತಮ್ಮ ಗ್ರಂಥದಲ್ಲಿ ಉಲ್ಲೇಖಿಸಿದರು. 1901ರಲ್ಲಿ ಅಮೆರಿಕದ ಷಿಕಾಗೊ ನಗರದಿಂದ ಅದು ಮತ್ತೆ ಪ್ರಕಟವಾಯಿತು. ಬರಿಯ ಮಡಿಕೆಯಿಂದ ಘನಮೂಲವನ್ನು ಪಡೆಯುವುದು ಸಾಧ್ಯವಿಲ್ಲವೆಂದು ರಾಯರು ಭಾವಿಸಿದ್ದರು. ಆದರೆ ಎರಡು ಬಿಂದುಗಳನ್ನು ಏಕಕಾಲದಲ್ಲಿ ಎರಡು ರೇಖೆಗಳ ಮೇಲೆ ತರುವ ಮಡಿಕೆಯೊಂದರಿಂದ ಅದು ಸಾಧ್ಯವೆಂದು ಇಟಲಿಯ ಗಣಿತಜ್ಞೆ ಮಾರ್ಗೆರಿಟಾ ಬೆಲೋಕ್ 1936ರಲ್ಲಿ ತೋರಿಸಿದರು. ರಾಯರ ಪುಸ್ತಕದ ಬೆಲೆ ಇದರಿಂದ ಕುಗ್ಗಲಿಲ್ಲ. ಹಾಳೆಯೂ ಅದೇ, ಕೈಯೂ ಅಂಥದೇ. ಹೊಸದಾಗಿದ್ದುದು ಮಡಿಸುವ ಬಗೆಯೊಂದೇ.

ಹೀಗಿರಲು ಬೇಸರ ಬಂದಾಗ ಮಾಡತಕ್ಕುದೇನು? ಹಾಳೆಯನ್ನು ಮುದ್ದೆ ಮಾಡಬಾರದು. ಬಿಚ್ಚಿ, ಬೆಳಕಿಗೆ ಹಿಡಿದು, ಗೆರೆಗಳನ್ನು ಓದಬೇಕು. ಯಾವ ಗೆರೆ ಮೂಲೆಯನ್ನು ತಪ್ಪಿಸಿ ಹೋಗಿದೆಯೆಂಬುದು ಅಲ್ಲಿಯೇ ತಿಳಿಯುತ್ತದೆ. ತಪ್ಪಿದ ಹೆಜ್ಜೆಯ ಸಂಖ್ಯೆಯನ್ನು ಆ ಹಾಳೆಯ ಮೇಲೆಯೇ ಬರೆದು, ಹೊಸ ಹಾಳೆಯಲ್ಲಿ ಆ ಹೆಜ್ಜೆಯವರೆಗೆ ಮಾತ್ರ ಎರಡು ಮೂರು ಸಲ ಅಭ್ಯಾಸ ಮಾಡಬೇಕು. ಸಿಟ್ಟು ಏರಿದಾಗ ಬೆರಳುಗಳು ಅವಸರಪಡುತ್ತವೆ. ಆಗ ಕೆಲಸವನ್ನು ನಾಳೆಗೆ ಇಡುವುದು ಸೋಲಲ್ಲ. ಕಲಿಸುವ ಹಿರಿಯರೂ ಮಗುವಿನ ಕೈಯಿಂದ ಹಾಳೆಯನ್ನು ಕಿತ್ತುಕೊಂಡು ತಾವೇ ಮುಗಿಸಿಕೊಡಬಾರದು. ಹಾಗೆ ಮಾಡಿದರೆ ಕೊಕ್ಕರೆ ದೊರೆಯುತ್ತದೆ, ಆದರೆ ‘ನನಗೆ ಬಾರದು’ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ.

ಒಂದು ಹಾಳೆ ಕೆಟ್ಟರೆ ನಷ್ಟ ಕೆಲವೇ ಪೈಸೆ. ಆ ಭಾವನೆ ಉಳಿದುಬಿಟ್ಟರೆ ಅದು ಗಣಿತದ ಪಾಠಕ್ಕೂ, ಪ್ರಯೋಗಶಾಲೆಗೂ, ಮುಂದಣ ಬಾಳಿಗೂ ಮಗುವನ್ನು ಹಿಂಬಾಲಿಸುತ್ತದೆ. ತಪ್ಪಿಗೆ ಕಾರಣವುಂಟು, ಕಾರಣ ತಿಳಿದರೆ ತಿದ್ದುಪಡಿಯುಂಟು ಎಂಬ ವಿಜ್ಞಾನದ ಮೊದಲ ಪಾಠವನ್ನು ಇಷ್ಟು ಅಗ್ಗವಾಗಿ ಕಲಿಸುವ ಸಾಧನಗಳು ಕೆಲವೇ. ಇಂದಿನ ಹರಿದ ಕೊಕ್ಕರೆಯನ್ನು ಎಸೆಯದೆ ಪುಸ್ತಕದ ನಡುವೆ ಇರಿಸಿಕೊಳ್ಳಿ. ನಾಳಿನ ಕೊಕ್ಕರೆಯನ್ನು ಮಾಡುವಾಗ ಅದು ಉಪಯೋಗಕ್ಕೆ ಬಂದೀತು.