ವಸತಿ ಮಾರುಕಟ್ಟೆ: ಬಡ್ಡಿ, ತೆರಿಗೆ, ರೇರಾ

1. ರೆಪೋ ದರ: ಆರ್‌ಬಿಐ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ. ನಿಗದಿ: 6 ಸದಸ್ಯರ ಹಣಕಾಸು ನೀತಿ ಸಮಿತಿ.
- 2019 ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಚರ ಬಡ್ಡಿ ಗೃಹಸಾಲಕ್ಕೆ ಬಾಹ್ಯ ಮಾನದಂಡ ಕಡ್ಡಾಯ. ಬಹುತೇಕ ಬ್ಯಾಂಕುಗಳ ಆಯ್ಕೆ ರೆಪೋ.
- 2020 ಮೇ: 4%. 2023 ಫೆಬ್ರವರಿ: 6.5%. ಏರಿಕೆಗೆ ಕಾರಣ ಹಣದುಬ್ಬರ.
- ಲೆಕ್ಕ: 30 ಲಕ್ಷ ರೂ. ಸಾಲ, 20 ವರ್ಷ. ಬಡ್ಡಿ 8% ಇದ್ದರೆ ಇಎಂಐ ಸುಮಾರು 25,100. 9% ಆದರೆ ಸುಮಾರು 27,000. ಎಷ್ಟೋ ಬಾರಿ ಬ್ಯಾಂಕ್ ಕಂತು ಏರಿಸದೆ ಅವಧಿ ಹಿಗ್ಗಿಸುತ್ತದೆ. ಸಾಲಗಾರನಿಗೆ ಬಿಸಿ ತಟ್ಟುವುದು ತಡವಾಗಿ.

2. ರೇರಾ (ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016: ಪೂರ್ಣ ಜಾರಿ 2017 ಮೇ 1. ನಿರ್ಮಾಣದಾರರು ಖರೀದಿದಾರರ ಹಣದ 70% ಪ್ರತ್ಯೇಕ ಖಾತೆಯಲ್ಲಿ ಇಡಬೇಕು.

3. ಜಿಎಸ್‌ಟಿ (2019 ಏಪ್ರಿಲ್ 1ರಿಂದ): ನಿರ್ಮಾಣ ಹಂತದ ಕೈಗೆಟುಕುವ ಮನೆಗೆ 1%, ಉಳಿದವಕ್ಕೆ 5%, ಹೂಡುವಳಿ ತೆರಿಗೆ ಜಮೆ ಇಲ್ಲ.

4. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ): ಆರಂಭ 2015 ಜೂನ್ 25.

ಗೊಂದಲ ಬೇಡ:
- ಪೂರ್ಣತಾ ಪ್ರಮಾಣಪತ್ರ ಬಂದ ನಂತರ ಮಾರಿದ ಮನೆಗೆ ಜಿಎಸ್‌ಟಿ ಇಲ್ಲ. ಮುದ್ರಾಂಕ ಶುಲ್ಕ ಮಾತ್ರ ತಪ್ಪದು.
- ಸಂವಿಧಾನದಲ್ಲಿ ಭೂಮಿ ರಾಜ್ಯ ಪಟ್ಟಿ. ಕೃಷಿಯೇತರ ಆಸ್ತಿ ವರ್ಗಾವಣೆ, ದಸ್ತಾವೇಜು ನೋಂದಣಿ ಸಮವರ್ತಿ ಪಟ್ಟಿ. ಹೆಚ್ಚು ಮಂದಿ ಎಡವುವುದು ಇಲ್ಲೇ.
- ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆ 1988, ಅದರ ಕಾಯ್ದೆ 1987. ವಸತಿ ಹಣಕಾಸು ಕಂಪನಿಗಳ ನಿಯಂತ್ರಣ 2019ರಿಂದ ಆರ್‌ಬಿಐಗೆ. ಮನೆ ಬೆಲೆ ಸೂಚ್ಯಂಕ ‘ರೆಸಿಡೆಕ್ಸ್’ ಈಗಲೂ ವಸತಿ ಬ್ಯಾಂಕಿನದೇ.